ವರದಿ ಯಾರದು?

ಚಿನಕುರಳಿಯ ನಮ್ಮ ದೊಡ್ಡವ್ವನ ಎಂಆರ್‌ಐ ವರದಿ ಅವಳಿಗಿಂತ ಮೊದಲು ನನ್ನ ಕೈಗೆ ಬಂತು. ಎಡಮೊಲೆಯಲ್ಲಿ ಗಡ್ಡೆ, ಆಪರೇಷನ್ನಿಗೆ ಇನ್ನು ಹತ್ತು ದಿನ. ಇಂಗ್ಲಿಷ್ ಓದುತ್ತಾನೆ ಎಂದು ಮೈಸೂರಿನ ಆಸ್ಪತ್ರೆಗೆ ನನ್ನನ್ನು ಕರೆದೊಯ್ದಿದ್ದರು. (ನನ್ನ ಪಿಎಚ್‌.ಡಿ. ನೀತಿಶಾಸ್ತ್ರದಲ್ಲಿ, ಅದರಿಂದ ಯಾರಿಗಾದರೂ ಉಪಯೋಗವಿದೆಯೆಂದು ಮನೆಯಲ್ಲಿ ಯಾರೂ ನಂಬಿಲ್ಲ.) ಗಡ್ಡೆಯ ಅಳತೆ, ಕಂಕುಳ ಗ್ರಂಥಿ ನೋಡಿದ ಡಾಕ್ಟರು, ಮುಂದೆ ಮರುಕಳಿಸುವ ಸಾಧ್ಯತೆ ಹೆಚ್ಚೇ ಇರಬಹುದು ಎಂದರು. ಹೊರಗೆ ಬಂದೊಡನೆ ಅಣ್ಣ, "ಅವ್ವಂಗೆ ಹೇಳ್ಬೇಡ ಕಣೋ" ಎಂದ.

ರಕ್ತನಾಳಕ್ಕೆ ಗ್ಯಾಡೊಲಿನಿಯಂ ಬಿಟ್ಟು ಚಿತ್ರ ತೆಗೆಯುತ್ತಾರೆ. ಗಡ್ಡೆ ಅದನ್ನು ಬೇಗ ಹೀರಿ ಬೆಳ್ಳಗೆ ಕಾಣುತ್ತದೆ. ಎಷ್ಟು ಬೇಗ ಹೀರಿತು, ಅಂಚು ಹೇಗಿದೆ ಎಂಬುದರಿಂದಲೇ ಮರುಕಳಿಕೆಯನ್ನು ಅಂದಾಜು ಮಾಡಲು ಸಂಶೋಧಕರು ಕಂಪ್ಯೂಟರಿಗೆ ಕಲಿಸುತ್ತಿದ್ದಾರೆ. ಆದರೆ ಹೆಚ್ಚು ನೋಡಿದ ಮಾತ್ರಕ್ಕೆ ಹೆಚ್ಚು ಒಳಿತಾಗುವುದಿಲ್ಲ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಕಾಮಿಸ್ ಅಧ್ಯಯನದಲ್ಲಿ 1623 ಹೆಂಗಸರಿದ್ದರು. ಆಪರೇಷನ್ನಿಗೆ ಮುಂಚೆ ಎಂಆರ್‌ಐ ಮಾಡಿಸಿದವರಲ್ಲೂ ಮಾಡಿಸದವರಲ್ಲೂ ಮತ್ತೆ ಕೊಯ್ಯಿಸಿಕೊಳ್ಳಬೇಕಾದವರು ನೂರಕ್ಕೆ ಸುಮಾರು 19.

ಹಾಗಾದರೆ ಅಣ್ಣ ಹೇಳಿದ್ದೇ ಸರಿಯೆ? ನೂರು ಜನರ ಲೆಕ್ಕ ಒಬ್ಬಳಿಗೆ ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಭಯವೊಂದನ್ನೇ ಕೊಡುವ ಅಂಕಿ ಯಾಕೆ ಬೇಕು ಎಂದು ನಾನೂ ಯೋಚಿಸಿದೆ. ಆದರೆ ಅಂಕಿ ಕೆಲವೊಮ್ಮೆ ದಾರಿಯನ್ನೂ ತೆರೆಯುತ್ತದೆ. ಹಾರ್ಮೋನಿಗೆ ಸ್ಪಂದಿಸುವ, ಗ್ರಂಥಿಗೆ ಹರಡದ ಕ್ಯಾನ್ಸರಿನಲ್ಲಿ 21 ವಂಶವಾಹಿಗಳ ಪರೀಕ್ಷೆಯೊಂದಿದೆ. ಅದರಲ್ಲಿ ನಡುಮಟ್ಟದ ಅಂಕ ಬಂದ ಬಹುಪಾಲು ಹೆಂಗಸರು ಕೀಮೋ ಇಲ್ಲದೆಯೂ ಅಷ್ಟೇ ಚೆನ್ನಾಗಿರುತ್ತಾರೆಂದು 2018ರ ಟೈಲರ್‌ಎಕ್ಸ್ ಅಧ್ಯಯನ ತೋರಿಸಿತು. ಅಂಕಿಯಿಂದ ಚಿಕಿತ್ಸೆ ಬದಲಾಗುವುದಾದರೆ ಹೇಳಬೇಕು, ಇಲ್ಲವಾದರೆ ಬೇಡ ಎಂದು ಮನಸ್ಸಿನಲ್ಲೇ ಒಂದು ಸೂತ್ರ ಮಾಡಿಕೊಂಡೆ. ಪ್ರಬಂಧಕ್ಕೆ ಒಪ್ಪುವಂಥ ಸೂತ್ರ.

ಅಣ್ಣ ಬೈಕಿನಲ್ಲಿ ಮುಂದೆ ಹೋಗಿದ್ದ. ಪಾಂಡವಪುರದಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ದೊಡ್ಡವ್ವ ಕೇಳಿದಳು: "ಈ ಸಲ ಕಬ್ಬು ಹಾಕ್ಸ್ಲಾ ಮಗ, ಭತ್ತ ಹಾಕ್ಸ್ಲಾ?"

ಭತ್ತವಾದರೆ ಐದು ತಿಂಗಳಿಗೆ ಕೈಗೆ ಬರುತ್ತದೆ. ಕಬ್ಬಿಗೆ ವರ್ಷ ಕಾಯಬೇಕು, ಆಮೇಲೆ ಕೂಳೆಯನ್ನೂ ನೋಡಿಕೊಳ್ಳಬೇಕು. ಗದ್ದೆ, ಸೊಸೈಟಿ ಸಾಲ, ಮೊಮ್ಮಗಳ ಕಾಲೇಜು ಫೀಸು ಎಲ್ಲ ಅವಳದೇ ಲೆಕ್ಕ. ಚಿಕಿತ್ಸೆ ಬದಲಾಗುತ್ತದೆಯೇ ಎಂದಷ್ಟೇ ಕೇಳಿಕೊಂಡಿದ್ದ ನನ್ನ ಸೂತ್ರದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ವರದಿಯ ಕವರು ತೆಗೆದು, ಡಾಕ್ಟರು ಹೇಳಿದ್ದನ್ನು ಹೇಳಿದೆ. ಖಚಿತವಲ್ಲ ಎಂಬುದನ್ನೂ ಹೇಳಿದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು.

"ನಿಮ್ಮಣ್ಣ ಹೇಳ್ಬೇಡ ಅಂದಿದ್ನಾ?"