ಇಂದಿನ ಧಮ್ಮ ಚಿಂತನೆ: ಹರಕೆಗೆ ಬಾರದ ಬೆಳಕು



ನಾರ್ವೆಯ ಟ್ರೊಮ್ಸೊ ಊರಾಚೆ, ದೀಪಗಳಿಲ್ಲದ ಬಯಲಲ್ಲಿ, ಚಳಿಗಾಲದ ರಾತ್ರಿ ಜನ ಕ್ಯಾಮೆರಾ ಹಿಡಿದು ಉತ್ತರದ ಬೆಳಕಿಗಾಗಿ ಕಾಯುತ್ತಾರೆ. ಟ್ರೈಪಾಡ್ ಮೇಲಿಟ್ಟು ಶಟರನ್ನು 10 ಸೆಕೆಂಡು ತೆರೆದರೆ, ಬರಿಗಣ್ಣಿಗೆ ಬೂದು ಮೋಡದಂತಿದ್ದದ್ದು ಚಿತ್ರದಲ್ಲಿ ಹಸಿರಾಗಿ ಮೂಡುತ್ತದೆ. ಸೂರ್ಯನಿಂದ ಹೊರಟ ಕಣಗಳು 100 ಕಿ.ಮೀ.ಗೂ ಮೇಲೆ ಆಮ್ಲಜನಕಕ್ಕೆ ಬಡಿದು ಹುಟ್ಟುವ ಬೆಳಕದು. ಕಣಗಳಿಲ್ಲದೆ ಬೆಳಕಿಲ್ಲ; ಮೋಡ ಕವಿದರೆ ಕಾಣುವುದೂ ಇಲ್ಲ. ಹರಕೆ ಹೊತ್ತರಂತೂ ಬರುವುದಿಲ್ಲ! ಇದೇ ಪಟಿಚ್ಚಸಮುಪ್ಪಾದ.

ಅಲ್ಲಿನ ಸಾಮಿ ಜನರ ಹಿರಿಯರು ಇದಕ್ಕೆ ಹೆದರಿ, ಶಿಳ್ಳೆ ಹಾಕಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದರು. ನಮ್ಮ ಹಿರಿಯರನ್ನಾದರೋ, ಕೇರಿಯ ಬಾಳು ಹಿಂದಿನ ಜನ್ಮದ ಫಲವೆಂದು ಬೇರೆಯವರೇ ಹೆದರಿಸಿ ಇಟ್ಟಿದ್ದರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ದೈವವನ್ನು ಬದಿಗಿಟ್ಟು ಕಾರಣಕ್ಕೆ ಅಷ್ಟು ಒತ್ತು ಕೊಟ್ಟದ್ದು ಸುಮ್ಮನೆ ಅಲ್ಲ.

ಭಾನುವಾರ ವಿಹಾರದಲ್ಲಿ ಮಕ್ಕಳಿಗೆ ಆ ಹಸಿರು ಚಿತ್ರ ತೋರಿಸಿ, ಕಾರಣವನ್ನು ಅವರನ್ನೇ ಕೇಳೋಣ.