ಮಾತಿಲ್ಲದ ಮರ

ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಯುಕೆಜಿ ಮಕ್ಕಳಿಂದ ಪುಣ್ಯಕೋಟಿ ನಾಟಕ. ನಮ್ಮವಳಿಗೆ ಸಿಕ್ಕಿದ್ದು ಕಾಡಿನ ಮರದ ಪಾತ್ರ. “ಒಂದೂ ಡೈಲಾಗ್ ಇಲ್ಲ ಸರ್, ಅವಳಿಗೆ ಕಷ್ಟ ಆಗಬಾರದಲ್ವಾ” ಅಂದರು ಮಿಸ್. ನಿಜ ಹೇಳಿಬಿಡ್ತೀನಿ, ಆ ಕ್ಷಣ ನನಗೆ ಬೇಜಾರಾಗಲಿಲ್ಲ. ನಿರಾಳ ಅನ್ನಿಸಿತು.

ಮಗಳು ಉಗ್ಗುತ್ತಾಳೆ. ನಾನೂ ಉಗ್ಗುತ್ತೇನೆ, ಆದರೆ ಆಫೀಸಿನಲ್ಲಿ ಹೆಚ್ಚಿನವರಿಗೆ ಅದು ಗೊತ್ತಿಲ್ಲ. ಸಿಕ್ಕಿಹಾಕಿಕೊಳ್ಳುವ ಪದ ಬರ್ತಿದೆ ಅಂತ ನನಗೆ ಎರಡು ಪದ ಮೊದಲೇ ತಿಳಿಯುತ್ತೆ. ಅಷ್ಟರಲ್ಲಿ ಬೇರೊಂದನ್ನು ಹುಡುಕಿ ಅಲ್ಲಿ ಕೂರಿಸಿಬಿಡ್ತೀನಿ. ‘ಕಾಫಿ’ ಬಾಯಿಗೆ ಬರದಿದ್ದರೆ ‘ಟೀ’ ಅಂತೀನಿ. ಹಾಗೆ ಇಷ್ಟವಿಲ್ಲದ ಟೀಯನ್ನು ವರ್ಷಗಟ್ಟಲೆ ಕುಡಿದಿದ್ದೇನೆ. ಕಾನ್ಫರೆನ್ಸ್ ಕಾಲ್‌ನಲ್ಲಿ ಎಲ್ಲರೂ ಹೆಸರು ಹೇಳುವ ಸರದಿ ಬಂದಾಗ ಮಾತ್ರ ನೆಟ್‌ವರ್ಕ್ ಕೈಕೊಟ್ಟ ಹಾಗೆ ನಟಿಸಬೇಕಾಗುತ್ತೆ. ಹೆಸರಿಗೆ ಸಮಾನಾರ್ಥಕ ಪದ ಇಲ್ವಲ್ಲ!

ಇದೆಲ್ಲ ಮಗಳಿಗೂ ಹೇಳಿಕೊಡಲೇ? ತಿಂಗಳುಗಟ್ಟಲೆ ತಲೆ ಕೊರೆದ ಪ್ರಶ್ನೆ ಇದು. ಈ ಉಪಾಯಗಳು ಕೆಲಸ ಮಾಡುತ್ತವೆ ಅನ್ನೋದನ್ನು ಅಲ್ಲಗಳೆಯಲಾರೆ. ನನಗೆ ಕೆಲಸ ಸಿಕ್ಕಿದೆ, ಹೋಮ್ ಲೋನೂ ಸಿಕ್ಕಿದೆ. ಕ್ಲಾಸಿನಲ್ಲಿ ಯಾರೂ ನಗದಂತೆ ಮಗುವನ್ನು ಕಾಪಾಡೋದು ಅಪ್ಪನ ಕರ್ತವ್ಯ ತಾನೇ? ಆದರೆ ಮುಚ್ಚಿಡೋದನ್ನು ಕಲಿಸಿದರೆ, ಮುಚ್ಚಿಡಬೇಕಾದ್ದು ಅವಳಲ್ಲಿ ಏನೋ ಇದೆ ಅಂತಲೂ ಕಲಿಸಿದ ಹಾಗಾಯ್ತು. ಸದ್ಯಕ್ಕೆ ಅವಳಿಗೆ ಆ ಸುದ್ದಿ ತಲುಪಿಲ್ಲ. ಪಕ್ಕದ ಮನೆ ಹುಡುಗ “ನೀನ್ಯಾಕೆ ಹಂಗೆ ಮಾತಾಡ್ತೀಯ?” ಅಂದಾಗ “ಹಂಗೇ ಬ-ಬ-ಬರತ್ತೆ” ಅಂದು ಸೈಕಲ್ ಹತ್ತಿದಳು.

ನನ್ನ ಕಾಲದಲ್ಲಿ ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಳು. ಮಾವಂದಿರು “ನಿಧಾನಕ್ಕೆ ಹೇಳೋ” ಅನ್ನುತ್ತಿದ್ದರು. ಎಲ್ಲಾ ಪ್ರೀತಿಯಿಂದಲೇ. ಮಗಳನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ನೂರಕ್ಕೆ ಸುಮಾರು 5 ಮಕ್ಕಳು ಯಾವುದೋ ಹಂತದಲ್ಲಿ ಉಗ್ಗುತ್ತಾರೆ, ಬಹುಪಾಲು ಮಕ್ಕಳಲ್ಲಿ ಅದು ತಾನಾಗೇ ಹೋಗುತ್ತೆ. ಕೆಲವರಲ್ಲಿ ಉಳಿಯುತ್ತೆ, ನನ್ನಲ್ಲಿ ಉಳಿದ ಹಾಗೆ. ಅವಳ ಪದವನ್ನು ನೀವು ಪೂರ್ತಿ ಮಾಡಬೇಡಿ, ನಿಧಾನ ಅನ್ನಬೇಡಿ, ನೀವೇ ನಿಧಾನವಾಗಿ ಮಾತಾಡಿ, ಕಾಯಿರಿ ಅಂದರು. ಕೇಳೋಕೆ ಸುಲಭ. ಬೆಳಿಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಒಂದು ಪದಕ್ಕಾಗಿ ಕಾದು ನೋಡಿ!

ಮರದ ಪಾತ್ರ ಸಿಕ್ಕಿದ ದಿನ ಮಗಳು ಹಾಲ್‌ನಲ್ಲಿ ಕೈ ಚಾಚಿ ನಿಂತು ಪುಣ್ಯಕೋಟಿಯ ಹಾಡನ್ನು ಗೊತ್ತಿದ್ದಷ್ಟೂ ಹಾಡಿದಳು. ಒಂದು ಕಡೆಯೂ ತಡವರಿಸಲಿಲ್ಲ. ಹಾಡುವಾಗ ಉಗ್ಗು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ, ನನಗೂ ಹಾಗೇ. ಹಾಡು ನಿಲ್ಲಿಸಿ, “ಅಪ್ಪಾ, ನಂಗೆ ಕ-ಕ-ಕರು ಆಗಬೇಕು” ಅಂದಳು.

ಮಾರನೇ ದಿನ ಅವಳ ಕೈಹಿಡಿದು ಮಿಸ್ ಹತ್ತಿರ ಹೋದೆ. ‘ಕ’ ಗಂಟಲಲ್ಲೇ ನಿಂತಿತು. ಅಭ್ಯಾಸಬಲದಿಂದ ‘ಹಸುವಿನ ಮಗು’ ಅನ್ನೋದು ನಾಲಿಗೆ ತುದಿಗೆ ಬಂದಾಗಿತ್ತು. ಅನ್ನಲಿಲ್ಲ. ಮಿಸ್ ಕಾದರು. ಕಾರಿಡಾರಿನಲ್ಲಿ ಇಬ್ಬರು ಅಮ್ಮಂದಿರು ತಿರುಗಿ ನೋಡಿದರು. ಕಿವಿ ಬಿಸಿಯಾಯಿತು. ಕೆಳಗಿನಿಂದ ಮಗಳು, ಅರೆ ಅಪ್ಪನೂ ಹೀಗೇನಾ ಅನ್ನೋ ಹಾಗೆ ನನ್ನನ್ನೇ ನೋಡ್ತಿದ್ದಳು.

“ಕ-ಕ-ಕರು” ಅಂದೆ.

“ಎರಡು ಡೈಲಾಗ್ ಇದೆ ಸರ್ ಅದಕ್ಕೆ. ಟೈಮ್ ತಗೊಳ್ಳಲಿ ಬಿಡಿ” ಅಂದರು ಮಿಸ್. ನಾಟಕ ಮುಂದಿನ ತಿಂಗಳು.