ಇಂದಿನ ಧಮ್ಮ ಚಿಂತನೆ: ಕಾವಿಗೆ ಕೂರಿಸುವ ಮುನ್ನ



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಪಂಚಶೀಲದ ಮೊದಲ ಶೀಲದ ಬಗ್ಗೆ ಮಾತಾಡಿದೆವು. ಕೊನೆಯಲ್ಲಿ ಒಬ್ಬ ಅಕ್ಕ ಕೇಳಿದರು: "ಜೀವ ತೆಗೆಯಲ್ಲ ಅಂತ ಶೀಲ ತಗೊಂಡಿದ್ದೀವಿ. ಹಂಗಾದ್ರೆ ಮನೇಲಿ ಕೋಳಿ ಸಾಕಬಹುದಾ?" ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ನಾನಂತೂ ತಲೆ ತಗ್ಗಿಸಿ ಕೂತಿದ್ದೆ. ನಮ್ಮ ಹಿತ್ತಲಲ್ಲಿ ಐದು ವರ್ಷದಿಂದ ಬ್ಯಾಂಟಮ್ ಕೋಳಿಗಳಿವೆ. ಆ ದಿನ ಕೊಡದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಬ್ಯಾಂಟಮ್ ಎಂದರೆ ಗಿಡ್ಡ ಕೋಳಿ. ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಈ ಹೆಸರು ಬಂದಿದೆ. ನಾಟಿ ಕೋಳಿಗಿಂತ ಚಿಕ್ಕದು, ಒಂದು ಕಿಲೋ ದಾಟುವುದು ಅಪರೂಪ. ಸ್ವಲ್ಪ ಜಾಗ, ಒಂದು ಹಿಡಿ ಕಾಳು, ರಾತ್ರಿ ಮುಂಗುಸಿ ನುಗ್ಗದಂಥ ಗೂಡು ಇದ್ದರೆ ಸಾಕು. ನಾವು ಮೂರು ಹೇಂಟೆ, ಒಂದು ಹುಂಜದಿಂದ ಶುರು ಮಾಡಿದೆವು.

ಈ ಕೋಳಿಗಳ ದೊಡ್ಡ ಗುಣವೆಂದರೆ ಕಾವು ಕೂರುವುದು. ಮೊಟ್ಟೆ ಫಾರಮ್ಮಿನ ಕೋಳಿಗಳಲ್ಲಿ ಆ ಗುಣ ಹೆಚ್ಚುಕಡಿಮೆ ಅಳಿದುಹೋಗಿದೆ. ಕಾವಿಗೆ ಕೂತರೆ ಮೊಟ್ಟೆ ನಿಲ್ಲುತ್ತದೆ, ಹಾಗಾಗಿ ಕಾವು ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ಆ ತಳಿ ಬೆಳೆಸಿದ್ದಾರೆ. ನಮ್ಮ ಗಿಡ್ಡ ಹೇಂಟೆ ಮಾತ್ರ ಕೂತರೆ ಕೂತಂತೆ. ಇಪ್ಪತ್ತೊಂದು ದಿನ. ದಿನಕ್ಕೆ ಒಂದು ಸಲ ಎದ್ದು, ಕಾಳು ನೀರು ಮುಗಿಸಿ, ಹಿಕ್ಕೆ ಹಾಕಿ, ಸುಮಾರು ಕಾಲು ಗಂಟೆಯಲ್ಲಿ ಓಡಿ ಬಂದು ಮತ್ತೆ ಕೂರುತ್ತದೆ. ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ, ಅಂಚಿನದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಮೈ ಇಳಿಯುತ್ತದೆ, ಜುಟ್ಟು ಬಿಳಿಚುತ್ತದೆ, ಆದರೂ ಏಳುವುದಿಲ್ಲ.

ಭಗವಾನ್ ಬುದ್ಧರು ಇದನ್ನು ನೋಡಿದ್ದವರು. ಅಂಗುತ್ತರ ನಿಕಾಯದ ಭಾವನಾ ಸುತ್ತದಲ್ಲಿ ಕೋಳಿಯ ಉಪಮೆ ಬರುತ್ತದೆ. ಎಂಟೋ ಹತ್ತೋ ಹನ್ನೆರಡೋ ಮೊಟ್ಟೆಯ ಮೇಲೆ ಕೋಳಿ ಸರಿಯಾಗಿ ಕೂತು ಶಾಖ ಕೊಡದಿದ್ದರೆ, ಮರಿ ಹೊರಬರಲಿ ಎಂದು ಅದು ಎಷ್ಟು ಹಾರೈಸಿದರೂ ಮರಿ ಬರುವುದಿಲ್ಲ. ಸರಿಯಾಗಿ ಕೂತರೆ, ಹಾರೈಸದಿದ್ದರೂ ಮರಿ ಬಂದೇ ಬರುತ್ತದೆ. ಸಾಧನೆಯೂ ಹಾಗೆಯೇ, ಬಯಕೆಯಿಂದಲ್ಲ, ಕೂರುವುದರಿಂದ ಫಲ.

ಈ ಉಪಮೆಯನ್ನು ನಾವೆಲ್ಲ ಧ್ಯಾನಕ್ಕೆ ಅನ್ವಯಿಸಿಕೊಳ್ಳುತ್ತೇವೆ. ನನಗೆ ಹಿತ್ತಲಲ್ಲಿ ಅದರ ಇನ್ನೊಂದು ಮುಖ ಕಂಡಿತು. ಮೊಟ್ಟೆ ಇಟ್ಟು ಕೋಳಿ ಕೂರಿಸಿದ ಮೇಲೆ, ನಾನು ಬಯಸಲಿ ಬಿಡಲಿ, ಮರಿ ಬರುತ್ತವೆ. ಬಂದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ.

ಮೂರು ವರ್ಷದ ಹಿಂದೆ ಒಂಬತ್ತು ಮೊಟ್ಟೆ ಇಟ್ಟೆವು. ಎಂಟು ಒಡೆದವು. ತಾಯಿ ಕೋಳಿ ಕೊಕ್ ಕೊಕ್ ಎನ್ನುತ್ತ ಎಂಟನ್ನೂ ರೆಕ್ಕೆಯಡಿ ಸೇರಿಸಿಕೊಂಡಾಗ ಮನೆಮಂದಿಯೆಲ್ಲ ನಿಂತು ನೋಡಿದೆವು. ಕೊಕ್ಕರೆ ರೋಗಕ್ಕೆ ಹನಿ ಹಾಕಿಸಿದೆವು. ಎರಡು ತಿಂಗಳು ಕಳೆದು ಜುಟ್ಟು ಕೆಂಪೇರುವಾಗ ಲೆಕ್ಕ ಸಿಕ್ಕಿತು: ಮೂರು ಹೇಂಟೆ, ಐದು ಹುಂಜ. ಐದು ತಿಂಗಳಿಗೆ ಹುಂಜಗಳು ಒಂದಕ್ಕೊಂದು ಹಾಯ್ದು ಜುಟ್ಟು ಹರಿದುಕೊಂಡು ರಕ್ತ ಸುರಿಸತೊಡಗಿದವು.

ಅವ್ವ ಹೇಳಿದಳು: "ಹುಂಜಾನ ಎಷ್ಟ್ ದಿನ ಸಾಕ್ತೀಯಪ್ಪ? ಮೊಟ್ಟೆ ಇಕ್ಕದಾ, ಮರಿ ಮಾಡದಾ?"

ಮಾರಿಹಬ್ಬಕ್ಕೆ ಒಂದು ವಾರವಿತ್ತು. ಪರಿಚಯದವರೊಬ್ಬರು ಬಂದು, "ಸಾಕೋಕೆ ಒಂದು ಹುಂಜ ಕೊಡಿ ಅಣ್ಣ" ಅಂದರು. ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ವಣಿಜ್ಜಾ ಸುತ್ತ ಹೇಳುತ್ತದೆ: ಆಯುಧ, ಜೀವಿ, ಮಾಂಸ, ಮದ್ಯ, ವಿಷ. ನಾನು ಮಾರಲಿಲ್ಲವಲ್ಲ, ಕೈ ಶುದ್ಧವಾಗಿದೆ ಅಂದುಕೊಂಡೆ. ಹಬ್ಬ ಮುಗಿದ ಮೇಲೆ ಹುಂಜ ಹೇಗಿದೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವ್ವ ಮಾತ್ರ ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಅಂದಳು: "ಕಾಲು ಕಟ್ಟಿ ತಲೆ ಕೆಳಗ್ ಮಾಡಿ ಗಾಡೀಲಿ ಹೊತ್ಕೊಂಡೋದ್ರು. ಅದ್ರ ಗತಿ ಏನಾಯ್ತದೆ ಅಂತ ನಿಂಗೂ ಗೊತ್ತಿತ್ತು, ನಂಗೂ ಗೊತ್ತಿತ್ತು."

ಜೀವಕ ಸುತ್ತದಲ್ಲಿ ಭಿಕ್ಖುಗಳಿಗೆ ಹೇಳಿದ ಮೂರು ಮಾತು ನಿಮಗೆ ನೆನಪಿರಬಹುದು. ತನಗಾಗಿ ಕೊಂದದ್ದನ್ನು ಕಂಡಿದ್ದರೆ, ಕೇಳಿದ್ದರೆ, ಹಾಗೆಂದು ಅನುಮಾನವಿದ್ದರೆ ಆ ಮಾಂಸ ಸ್ವೀಕರಿಸಬಾರದು. ಇದು ಪಡೆಯುವವರಿಗೆ ಹೇಳಿದ್ದು. ಕೊಡುವವನಾಗಿ ನಾನು ಅದೇ ಮೂರು ಪ್ರಶ್ನೆ ಕೇಳಿಕೊಂಡೆ. ಕಂಡೆನಾ? ಇಲ್ಲ. ಕೇಳಿದೆನಾ? ಇಲ್ಲ, ಬೇಕೆಂದೇ ಕೇಳಲಿಲ್ಲ. ಅನುಮಾನವಿತ್ತಾ? ಇತ್ತು. ಹುಂಜವನ್ನು ಒಯ್ದವರ ಮೇಲೆ ನನ್ನ ದೂರಿಲ್ಲ. ಅವರು ನನಗೆ ಒಂದು ಸುಳ್ಳು ಹೇಳಿದ್ದರೆ, ನಾನು ನನಗೇ ಇನ್ನೊಂದು ಹೇಳಿಕೊಂಡೆ. ಮೊದಲ ಶೀಲ ಉಳಿಸಿಕೊಳ್ಳುವ ನೆಪದಲ್ಲಿ ನಾಲ್ಕನೆಯದನ್ನೂ ಕಳೆದುಕೊಂಡೆ.

ಅದೇ ಸುತ್ತದಲ್ಲಿ ಇನ್ನೊಂದು ವಿಷಯವಿದೆ. ತಥಾಗತರಿಗಾಗಿ ಪ್ರಾಣಿ ಕೊಲ್ಲುವವನಿಗೆ ಐದು ಹಂತಗಳಲ್ಲಿ ಅಪುಣ್ಯ ಎಂದು ಅಲ್ಲಿ ಎಣಿಸಿದ್ದಾರೆ. ಮೊದಲ ಹಂತ ಕತ್ತಿಯದ್ದಲ್ಲ. "ಹೋಗಿ ಆ ಪ್ರಾಣಿಯನ್ನು ತನ್ನಿ" ಎಂದು ಹೇಳಿದಾಗಲೇ ತಪ್ಪು ಶುರುವಾಯಿತು. ಎಳೆದು ತರುವಾಗ ಅದು ಪಡುವ ನೋವು ಎರಡನೆಯದು. ಅಂದರೆ ಹಿಂಸೆಯ ಲೆಕ್ಕ ಕತ್ತಿಗಿಂತ ಬಹಳ ಹಿಂದೆ ತೆರೆಯುತ್ತದೆ. ನನ್ನ ಹಿತ್ತಲಲ್ಲಿ ಆ ಲೆಕ್ಕ ಒಂಬತ್ತು ಮೊಟ್ಟೆ ಇಟ್ಟ ಸಂಜೆಯೇ ತೆರೆದಿತ್ತು. ಹುಂಜಗಳಿಗೆ ಜಾಗವಿಲ್ಲವೆಂದು ಗೊತ್ತಿದ್ದೂ ಇಟ್ಟೆ. ಮರಿಗಳ ಚಂದ ಬೇಕಿತ್ತು, ಹುಂಜಗಳ ಹೊಣೆ ಬೇಡವಾಗಿತ್ತು.

ದೊಡ್ಡ ಪ್ರಮಾಣದಲ್ಲೂ ಇದೇ ಕಥೆ. ಮೊಟ್ಟೆ ಉದ್ಯಮದ ಹ್ಯಾಚರಿಗಳಲ್ಲಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ಲೋಕದ ಬಹುಪಾಲು ಕಡೆ ರೂಢಿ. ಜರ್ಮನಿ 2022ರ ಜನವರಿಯಿಂದ ಅದನ್ನು ಕಾನೂನಿನಿಂದ ನಿಲ್ಲಿಸಿತು. ಅಂಗಡಿ ಮೊಟ್ಟೆ ತರುವ ನಮಗೆ ಆ ಗಂಡು ಮರಿ ಕಾಣುವುದಿಲ್ಲ. ಹಿತ್ತಲ ಕೋಳಿಯ ಒಂದು ಉಪಕಾರವೆಂದರೆ ಅದು ಕಣ್ಣ ಮುಂದೆಯೇ ಬೆಳೆದು, ಬೆಳಗಿನ ಜಾವ ಕೂಗಿ ನಮ್ಮನ್ನು ಎಬ್ಬಿಸುತ್ತದೆ.

ಇದು ಯಾರ ತಟ್ಟೆಯ ಮೇಲಿನ ತೀರ್ಪೂ ಅಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ನಿಯಮವಾಗಿ ಅಲ್ಲ, ತತ್ತ್ವವಾಗಿ ನೋಡಬೇಕೆಂದು ವಿವರಿಸಿದ್ದಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎಂದು ಬಿಡಿಸಿದ್ದಾರೆ. ನಿಯಮವಾದರೆ ಪಾಲಿಸಿದೆ ಅಥವಾ ಮುರಿದೆ, ಅಷ್ಟೇ. ತತ್ತ್ವವಾದರೆ ಪ್ರತಿ ಸಲವೂ ನಾವೇ ಯೋಚಿಸಬೇಕು. ನನಗೆ ಅಗತ್ಯವಿರಲಿಲ್ಲ, ಇಚ್ಛೆಯೂ ಇರಲಿಲ್ಲ. ಯೋಚನೆಯೇ ಇರಲಿಲ್ಲ. ಯೋಚಿಸದೆ ಇರುವುದರಿಂದಲೂ ಜೀವ ಹೋಗುತ್ತದೆ ಎಂದು ಆ ಹುಂಜ ಕಲಿಸಿತು.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ದಿನವೂ ಮೊಟ್ಟೆ ಎತ್ತುತ್ತೇವೆ. ಕಾವು ತಾಗಿದ ಮೊಟ್ಟೆಯಲ್ಲಿ ಮೂರನೆಯ ದಿನದ ಹೊತ್ತಿಗೆ ಗುಂಡಿಗೆ ಬಡಿಯಲು ತೊಡಗುತ್ತದೆ. ಏಳನೆಯ ದಿನ ಕತ್ತಲಲ್ಲಿ ಟಾರ್ಚಿಗೆ ಹಿಡಿದರೆ ಕೆಂಪು ನರಗಳ ಬಲೆ ಕಾಣುತ್ತದೆ. ನಿರ್ಧಾರ ಅದಕ್ಕೂ ಮೊದಲೇ ಆಗಬೇಕು. ಕಾವಿಗೆ ಕೂರಿಸುವ ಮುನ್ನ ಒಂದು ಪ್ರಶ್ನೆ: ಇಟ್ಟಷ್ಟೂ ಹುಂಜವಾದರೆ, ಏಳೆಂಟು ವರ್ಷ ಕಾಳು ಹಾಕುತ್ತೇನೆಯೇ? ಆ ಲೆಕ್ಕದಲ್ಲಿ ಮೂರು ವರ್ಷದಲ್ಲಿ ಒಂದೇ ಸಲ, ನಾಲ್ಕೇ ಮೊಟ್ಟೆ ಇಟ್ಟಿದ್ದೇವೆ. ಒಂದು ಒಡೆಯಲಿಲ್ಲ, ಎರಡು ಹೇಂಟೆ, ಒಂದು ಹುಂಜ. ಅದನ್ನೂ ಉಳಿದ ನಾಲ್ಕನ್ನೂ ಹೇಂಟೆಗಳು ಕಾಣದ ಕಡೆ ಬೇರೆ ಬೇಲಿಯಲ್ಲಿ ಬಿಟ್ಟಿದ್ದೇವೆ. ಹೇಂಟೆ ಕಣ್ಣಿಗೆ ಬೀಳದಿದ್ದರೆ ಜಗಳ ಕಡಿಮೆ. ಕಾಳಿನ ಖರ್ಚು ಇದೆ, ನೆರೆಮನೆಯವರ ಗೊಣಗಾಟವೂ ಇದೆ.

ಪೂರ್ತಿ ನೆಮ್ಮದಿ ನನಗಿಲ್ಲ. ಉಳಿದ ಹೇಂಟೆಗಳು ಕಾವಿಗೆ ಬಂದಾಗ ಮೊಟ್ಟೆ ಕೊಡುವುದಿಲ್ಲ. ಗಾಳಿಯಾಡುವ ಪಂಜರದಲ್ಲಿ ಕಾಳು ನೀರಿಟ್ಟು ಮೂರು ನಾಲ್ಕು ದಿನ ಇಟ್ಟರೆ ಕಾವು ಇಳಿಯುತ್ತದೆ. ಆ ದಿನಗಳಲ್ಲಿ ಅದು ಖಾಲಿ ನೆಲದ ಮೇಲೆ ರೆಕ್ಕೆ ಹರಡಿ ಕೂರುವುದನ್ನು ನೋಡಿದರೆ ಸಂಕಟವಾಗುತ್ತದೆ. ಇದೂ ಒಂದು ನೋವೇ. ಆದರೆ ಇದನ್ನು ನಾನು ಕಣ್ಣು ತೆರೆದು ಆರಿಸಿಕೊಂಡಿದ್ದೇನೆ, ಬೇರೆಯವರ ಗಾಡಿಗೆ ಹೊರಿಸಿಲ್ಲ.

ಹಾಗಾಗಿ ಅಕ್ಕನಿಗೆ ನನ್ನ ಉತ್ತರ: ಸಾಕಬಹುದು ಅಕ್ಕ. ಎಷ್ಟು ಜೀವದ ಕೊನೆಯವರೆಗೂ ಹೊಣೆ ಹೊರಬಲ್ಲಿರೋ ಅಷ್ಟೇ ಮೊಟ್ಟೆ ಇಡಿ.

ಇಂದಿನ ಅಭ್ಯಾಸ: ಇವತ್ತು ನಾವು ಶುರು ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳೋಣ. ಅದರಿಂದ ಹುಟ್ಟುವುದರಲ್ಲಿ ನಮಗೆ ಬೇಡವಾದ ಅರ್ಧ ಯಾವುದು, ಅದನ್ನು ಯಾರ ಕೈಗೆ ದಾಟಿಸುತ್ತಿದ್ದೇವೆ ಎಂದು ಐದು ನಿಮಿಷ ಸುಮ್ಮನೆ ಕೂತು ನೋಡೋಣ.

ಎಲ್ಲ ಜೀವಿಗಳಿಗೂ ಒಳಿತಾಗಲಿ. ನಮೋ ಬುದ್ಧಾಯ.